ಡಾಕ್ಟರ್ ಲವಿನಾಳ ಸುಳ್ಳು ರೋಗಿಗಳು

ನನಗಿರುವ ಕಾಯಿಲೆ ಅಸಿಡಿಟಿ ಒಂದೇ. ಆದರೂ 2016ರ ಬೇಸಿಗೆಯಲ್ಲಿ, ಅಬುಧಾಬಿಯ ಖಾಲಿದಿಯಾದಲ್ಲಿ, ಎದುರು ಮನೆಯ ಸೋಫಾದ ಮೇಲೆ ಕೂತು ನಾನು ಕ್ಷಯ, ಮೈಗ್ರೇನ್, ಪಿತ್ತಕೋಶದ ಕಲ್ಲು, ಮರೆವು ಎಲ್ಲವನ್ನೂ ಅನುಭವಿಸಿದ್ದೇನೆ. ಒಂದು ಶುಕ್ರವಾರ ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಇನ್ನೊಮ್ಮೆ ನನಗೆ ಹೃದಯಾಘಾತವಾಯಿತು. ನಡುವೆ ಬಡಿಸಿದ ಬಂಗುಡೆ ಸಾರು ಚೆನ್ನಾಗಿತ್ತು.

ಇದೆಲ್ಲ ಲವಿನಾಳಿಗಾಗಿ. ಎದುರು ಬಾಗಿಲಿನ ಇಗ್ನೇಶಿಯಸ್ ಮತ್ತು ಜೆಸ್ಸಿಯವರ ಒಬ್ಬಳೇ ಮಗಳು. ಬುದ್ಧಿವಂತೆ, ಅದರಲ್ಲಿ ಸಂಶಯವಿಲ್ಲ. ಆದರೆ ನೀವು 'ತಲೆ' ಎನ್ನುವಷ್ಟರಲ್ಲಿ ಅವಳು ಮಾತ್ರೆಯ ಹೆಸರು ಹೇಳಿ, ಊಟಕ್ಕೆ ಮುಂಚೆಯೋ ನಂತರವೋ ಎಂಬುದನ್ನೂ ಹೇಳಿ ಮುಗಿಸಿರುತ್ತಾಳೆ. ನೀವು ಹೇಳಹೊರಟದ್ದು ತಲೆನೋವೋ ತಲೆದಿಂಬೋ ಎಂದು ಕೇಳುವಷ್ಟು ಪುರುಸೊತ್ತು ಅವಳಿಗಿಲ್ಲ. ನಾನು ಚಂದ್ರಮತಿ, ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಜನರನ್ನು ಕಾಯಿಸುವುದೇ ನನ್ನ ಉದ್ಯೋಗವಾದ್ದರಿಂದ ತಾಳ್ಮೆಯ ಬಗ್ಗೆ ಮಾತಾಡುವ ಹಕ್ಕು ನನಗಿದೆ.

ಲವಿನಾಳ ಕೈಯಲ್ಲಿದ್ದದ್ದು ಕೆನಡಾದ ಪಾಸ್‌ಪೋರ್ಟ್. ಅವಳು ಸಣ್ಣವಳಿದ್ದಾಗ ಇಗ್ನೇಶಿಯಸ್ ಹೆಂಡತಿ ಮಗಳನ್ನು ಟೊರಾಂಟೊ ಹತ್ತಿರದ ಬಾಡಿಗೆ ಮನೆಯೊಂದರಲ್ಲಿ ಇರಿಸಿ, ತಾವು ಇಲ್ಲಿ ಹೋಟೆಲಿನ ಕೌಂಟರಿನಲ್ಲಿ ದುಡಿದರು. ಚಳಿಯಲ್ಲಿ ಕೂತ ತಾಯಿ ಮಗಳಿಗೆ ಪೌರತ್ವ ಸಿಕ್ಕಿತು. ಬಿಸಿಲಲ್ಲಿ ನಿಂತು ದುಡ್ಡು ಕಳಿಸಿದವರಿಗೆ ಸಿಗಲಿಲ್ಲ, ಅವರು ಅಲ್ಲಿ ವಾಸವಿರಲಿಲ್ಲವಲ್ಲ! ಆಮೇಲೆ ಮೂವರೂ ಇಲ್ಲೇ ಒಟ್ಟಾದರು, ಮಗಳು ಎಮಿರೇಟ್ಸಿನ ಕಾಲೇಜೊಂದರಲ್ಲಿ ಎಂಬಿಬಿಎಸ್ ಮುಗಿಸಿದಳು. ಆಗ ಕೆನಡಾ ಹೇಳಿತು, ಹುಡುಗಿ ನಮ್ಮವಳೇ, ಡಿಗ್ರಿ ಮಾತ್ರ ಹೊರಗಿನದು.

ಹಾಗಾಗಿ ಅಲ್ಲಿ ಡಾಕ್ಟರಾಗಬೇಕಾದರೆ ಮೊದಲು ಬರೆಯುವ ಪರೀಕ್ಷೆ, ಮತ್ತೆ ಮಾಡಿ ತೋರಿಸುವ ಪರೀಕ್ಷೆ. ಅದೆರಡೂ ದಾಟಿದ ಮೇಲೆ ಯಾವುದಾದರೂ ಊರಿನ ಆಸ್ಪತ್ರೆಯವರು ರೆಸಿಡೆನ್ಸಿ ಎಂಬ ತರಬೇತಿಗೆ ಆರಿಸಿಕೊಳ್ಳಬೇಕು. ಹೊರಗೆ ಓದಿದವರಿಗೆ ಇಟ್ಟ ಸೀಟು ಬೆರಳೆಣಿಕೆಯಷ್ಟು. ಬರೆಯುವುದನ್ನು ಲವಿನಾ ನೀರು ಕುಡಿದ ಹಾಗೆ ಬರೆದಳು. ಮಾಡಿ ತೋರಿಸುವುದರಲ್ಲಿ ಬಿದ್ದಳು.

ಆ ಪರೀಕ್ಷೆ ಹೇಗೆಂದರೆ, ಕೋಣೆಯಿಂದ ಕೋಣೆಗೆ ಹೋಗಬೇಕು. ಒಂದೊಂದರಲ್ಲೂ ರೋಗಿಯ ವೇಷದ ಒಬ್ಬರು ಕೂತಿರುತ್ತಾರೆ. ಅವರನ್ನು ವಿಚಾರಿಸಬೇಕು, ಬೆಲ್ ಹೊಡೆದರೆ ಎದ್ದು ಹೊರಡಬೇಕು. ಒಂದು ಕೋಣೆಯಲ್ಲಿ ಮುದುಕನ ಜೊತೆ ಮಗಳೂ ಇದ್ದಳಂತೆ. ನಮ್ಮ ಲವಿನಾ ಪ್ರಶ್ನೆಯನ್ನೆಲ್ಲ ಮಗಳ ಹತ್ತಿರ ಕೇಳಿ, ಮದ್ದನ್ನೂ ಮಗಳಿಗೇ ಹೇಳಿ ಎದ್ದು ಬಂದಳು. ಅವಳನ್ನು ಬೈದು ಏನು ಪ್ರಯೋಜನ? ನಮ್ಮ ಪೈಕಿ ಕಾಯಿಲೆ ಒಬ್ಬರದು, ಅದನ್ನು ಹೇಳುವವರು ಇನ್ನೊಬ್ಬರು. ಜೆಸ್ಸಿಗೆ ಹಲ್ಲುನೋವು ಬಂದಾಗ ನಮ್ಮ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದದ್ದು ಜೆಸ್ಸಿ, ಮಾತಾಡಿದ್ದು ನಾನು.

ಇನ್ನೊಮ್ಮೆ ಬಿದ್ದರೆ ಆ ವರ್ಷದ ರೆಸಿಡೆನ್ಸಿಯ ಆಸೆಯೂ ಮುಗಿಯಿತು. ಓದಿ ಹಳೆಯದಾದಷ್ಟೂ ಅಲ್ಲಿ ಕೇಳುವವರು ಕಡಿಮೆಯಂತೆ. ಹುಡುಗಿ ವಾರವಿಡೀ ಕೋಣೆಯಿಂದ ಹೊರಗೆ ಬರಲಿಲ್ಲ. ಕೊನೆಗೆ ಜೆಸ್ಸಿ ನನ್ನ ಬಾಗಿಲು ತಟ್ಟಿದರು.

"ಚಂದ್ರಮತಿ, ಅವಳಿಗೆ ಪ್ರಾಕ್ಟೀಸಿಗೆ ಪೇಷೆಂಟ್ ಬೇಕಂತೆ. ನಿಮಗೆ ಶುಕ್ರವಾರ ರಜೆಯಲ್ವಾ? ಊಟ ನಮ್ಮಲ್ಲೇ."

ಊಟ ಎಂದ ಮೇಲೆ ಯಾವ ಕಾಯಿಲೆಯಾದರೇನು. ಅವರು ಚರ್ಚಿನ ಪೂಜೆ ಮುಗಿಸಿ ಬರುವಷ್ಟರಲ್ಲಿ ನಾನು ಹಾಜರು. ಕಟ್ಟಡದ ಕೆಳಗೆ ಅಂಗಡಿ ಇಟ್ಟಿರುವ ಹಸನಬ್ಬ ಜುಮಾ ಮುಗಿಸಿ ಬರುತ್ತಿದ್ದರು. ಬೆಲ್ ಹೊಡೆಯುವ ಅಧಿಕಾರ ಇಗ್ನೇಶಿಯಸ್ಸರದು. ಹೋಟೆಲಿನ ಹಳೆಯ ಕೌಂಟರ್ ಕಿತ್ತಾಗ ಅದರ ಮೇಲಿದ್ದ ಹಿತ್ತಾಳೆಯ ಬೆಲ್ಲನ್ನು ಕೇಳಿ ತಂದಿದ್ದರು. ಜೀವನವಿಡೀ ಬೇರೆಯವರು ಅದನ್ನು ಹೊಡೆದಾಗ ಓಡಿದ ಮನುಷ್ಯ. ಈಗ ತಾವೇ ಹೊಡೆಯುವಾಗ ಏನು ಗತ್ತು!

"ಡ್ಯಾಡಿ, ನೀವೂ ಒಂದು ಸಲ ಪೇಷೆಂಟ್ ಆಗಿ," ಎಂದು ಲವಿನಾ ಎಷ್ಟೋ ಸಲ ಕೇಳಿದಳು.

"ನನಗೇನಾಗಿದೆ? ನಾನು ಆರಾಮಿದ್ದೇನೆ," ಎಂದು ಅವರು ಬೆಲ್ ಒರೆಸುತ್ತಿದ್ದರು.

ಮೊದಲ ಶುಕ್ರವಾರವೇ ಹಸನಬ್ಬರಿಗೆ ಬಂದದ್ದು ಕುಡುಕನ ಪಾತ್ರ. ಲವಿನಾ ಬರೆದುಕೊಟ್ಟ ಚೀಟಿ ಓದಿದವರೇ ಎದ್ದು ನಿಂತರು. ಅವಳು ಅವರಿಗೆ 'ಮೋಳೆ', ಮಗಳ ಹಾಗೆ.

"ಅಲ್ಲ ಮೋಳೆ, ಈಗಷ್ಟೇ ನಮಾಜು ಮಾಡಿ ಬಂದ ಬಾಯಲ್ಲಿ ಇದನ್ನು ಹೇಳಿಸ್ತೀಯಾ? ಬೇಕಾದರೆ ಶುಗರ್ ಕೊಡು. ಅದು ನನಗೆ ಇದ್ದದ್ದೇ."

ಕುಡುಕನ ಪಾತ್ರ ನನ್ನ ಕೊರಳಿಗೆ ಬಿತ್ತು. ಚೆನ್ನಾಗಿಯೇ ಮಾಡಿದೆ, ನೋಡಿ ಕಲಿಯಲು ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ಹಸನಬ್ಬ ಶುಗರ್ ರೋಗಿಯಾಗಿ ಕೂತು, "ಸಿಹಿ ಮುಟ್ಟುವುದೇ ಇಲ್ಲ," ಎಂದರು. ಮೀಸೆಯಲ್ಲಿ ಜೆಸ್ಸಿಯ ಕೇಕಿನ ಪುಡಿ ಇತ್ತು.

"ಅಂಗಡಿಯಲ್ಲಿ ದಿನಾ ಕರಕ್ ಚಾಯ್‌ಗೆ ಎಷ್ಟು ಮಿಲ್ಕ್‌ಮೇಡ್ ಸುರೀತೀರಿ ಅಂತ ನಾನು ನೋಡಿಲ್ವಾ?" ಲವಿನಾ ಶುರು ಮಾಡಿದಳು. ಹಸನಬ್ಬ ಬಾಯಿ ತೆರೆದರೆ ಇವಳದು ಎರಡು ಮಾತು. ಅಷ್ಟರಲ್ಲಿ ಟಿಣ್ ಎಂದು ಬೆಲ್ ಆಯಿತು. "ಫೇಲ್," ಎಂದರು ಇಗ್ನೇಶಿಯಸ್, ಹೋಟೆಲಿನಲ್ಲಿ 'ರೂಮ್ ಇಲ್ಲ' ಎಂದು ಹೇಳುವ ವಿನಯದಲ್ಲಿ.

ಇನ್ನೊಂದು ಕಾಟ ಅಡುಗೆಮನೆಯದು. ನನಗೆ ಮೈಗ್ರೇನ್ ಎಂದರೆ ಒಗ್ಗರಣೆಯ ಸದ್ದಿನ ಜೊತೆ ಜೆಸ್ಸಿಯ ಕೂಗು ಬರುತ್ತಿತ್ತು: "ಅವರು ಬೆಳಿಗ್ಗೆ ತಿಂಡಿ ತಿನ್ನುವುದಿಲ್ಲ ಲವಿನಾ, ಗ್ಯಾಸೇ ಅದು!" ಇಂಗ್ಲಿಷಿನಲ್ಲಿ ಶುರುವಾದ ಕಾಯಿಲೆ, ನೋವು ಏರಿದ ಹಾಗೆ ತುಳುವಿಗೆ ಇಳಿಯುತ್ತಿತ್ತು.

ಹೇಳಿದರೆ ನಗುತ್ತೀರಿ, ನಮಗೆ ಅದರ ರುಚಿ ಹತ್ತಿತು. ಈ ಊರಿನಲ್ಲಿ 'ಹೇಗಿದ್ದೀರಿ' ಎಂದು ದಿನಾ ಹತ್ತು ಜನ ಕೇಳುತ್ತಾರೆ. ಉತ್ತರಕ್ಕೆ ನಿಲ್ಲುವವರು ಯಾರು? ಇಲ್ಲಿ ಡಾಕ್ಟರ ಎದುರು ಹತ್ತು ನಿಮಿಷ ನಮ್ಮದೇ. ಲವಿನಾಳೂ ಸ್ವಲ್ಪ ಸ್ವಲ್ಪ ಸುಧಾರಿಸಿದಳು. ಮಾತು ತಡೆಯಲು ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು. "ನಿಮಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಯಾವುದರದ್ದು?" ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಬೇಕಂತೆ. ಕೇಳುತ್ತಿದ್ದಳು, ಆದರೆ ಉತ್ತರವನ್ನೂ ತಾನೇ ಕೊಡುತ್ತಿದ್ದಳು.

ಅವಳು ಪರೀಕ್ಷೆಗೆಂದು ಟೊರಾಂಟೊಗೆ ಹೊರಡುವ ಮುಂಚಿನ ಶುಕ್ರವಾರ ಹಸನಬ್ಬರ ಅಂಗಡಿಯ ಫ್ರೀಜರ್ ಕೆಟ್ಟಿತು. ಅವರು ಬರಲಿಲ್ಲ. ಅವರಿಗೆ ಇಟ್ಟಿದ್ದದ್ದು ನಿದ್ದೆ ಬಾರದ, ಅರವತ್ತರ ಹತ್ತಿರದ ಗಂಡಸಿನ ಪಾತ್ರ. ನಾನು ಎಷ್ಟು ಒಳ್ಳೆಯ ನಟಿಯಾದರೂ ಅದಕ್ಕೆ ಹೊಂದುವುದಿಲ್ಲ.

"ನೀವೇ ಕೂತ್ಕೊಳ್ಳಿ," ಎಂದರು ಜೆಸ್ಸಿ ಗಂಡನಿಗೆ.

"ನನಗೇನೂ ಕಾಯಿಲೆ ಇಲ್ಲ."

"ಇಲ್ಲಿ ಇದ್ದವರು ಯಾರು? ಕೂತ್ಕೊಳ್ಳಿ ಮಾರಾಯ್ರೆ!"

ಇಗ್ನೇಶಿಯಸ್ ಬೆಲ್ಲನ್ನು ನನ್ನ ಕೈಗೆ ಕೊಟ್ಟು ಸೋಫಾದ ತುದಿಯಲ್ಲಿ ಕೂತರು. ಲವಿನಾ ಎದುರು ಬಂದು ಕೂತಳು.

"ಏನು ತೊಂದರೆ, ಹೇಳಿ."

"ಏನಿಲ್ಲ."

"ರಾತ್ರಿ ಎದ್ದು ಹಾಲ್‌ನಲ್ಲಿ ತಿರುಗ್ತಾರೆ, ಬರ್ಕೋ!" ಅಡುಗೆಮನೆಯಿಂದ ಜೆಸ್ಸಿ.

"ಮಮ್ಮಿ, ಪೇಷೆಂಟ್ ಹೇಳ್ಲಿ," ಎಂದಳು ಲವಿನಾ. ನನಗೆ ಆಶ್ಚರ್ಯವಾಯಿತು. ಇಗ್ನೇಶಿಯಸ್ ಚೀಟಿ ನೋಡಿ ನೋಡಿ, ನಿದ್ದೆ ಇಲ್ಲ, ಹಸಿವೆ ಇಲ್ಲ ಎಂದು ಒಪ್ಪಿಸಿದರು. ಆಮೇಲೆ ಅವಳು ಆ ಪ್ರಶ್ನೆ ಕೇಳಿದಳು. ಎಲ್ಲಕ್ಕಿಂತ ಹೆಚ್ಚು ಚಿಂತೆ ಯಾವುದರದ್ದು?

ಅದಕ್ಕೆ ಚೀಟಿಯಲ್ಲಿ ಉತ್ತರವಿತ್ತು. ಇಗ್ನೇಶಿಯಸ್ ಚೀಟಿಯನ್ನು ಮಡಚಿ ಪಕ್ಕಕ್ಕಿಟ್ಟರು. ಲವಿನಾ ತುಟಿ ಕಚ್ಚಿಕೊಂಡಳು, ಕಾದಳು. ಅವರು ಕೊಂಕಣಿಯಲ್ಲಿ ಹೇಳಿದರು. ಇಷ್ಟು ವರ್ಷ ಎದುರು ಮನೆಯಲ್ಲಿದ್ದ ನನಗೆ ಅದು ಅರ್ಥವಾಗದೆ ಏನು.

"ನೀವು ಕೆನಡಾದಲ್ಲಿದ್ದಾಗ ಕಾರ್ಡ್ ಹಾಕಿ ಫೋನ್ ಮಾಡ್ತಿದ್ದೆ. ನೀನು ಶಾಲೆ, ಟೀಚರ್, ಹಿಮ ಅಂತ ಒಂದೇ ಉಸಿರಿಗೆ ಹೇಳ್ತಿದ್ದೆ. ನಾನು ಬಾಯಿ ತೆರೆಯುವಾಗ ಕಾರ್ಡ್ ಖಲಾಸ್. ಆಮೇಲೆ ನೀನು ಬಂದಿ. ಈಗ ಪುನಃ ಹೋಗ್ತಿ. ಕಳೆದ ಸಲ ನಿನ್ನ ಪರೀಕ್ಷೆಯ ದಿನ ಸಂತ ಅಂತೋನಿಗೆ ಮೇಣದಬತ್ತಿ ಹಚ್ಚಿದೆ. ಪಾಸ್ ಮಾಡು ಅಂತ ಹೇಳಲಿಲ್ಲ ಬಾಯೆ. ಇಲ್ಲೇ ಉಳಿಯಲಿ ಅಂದೆ. ನೀನು ಫೇಲಾದಿ. ಅಂದಿನಿಂದ ನನಗೆ ನಿದ್ದೆ ಇಲ್ಲ."

ಒಗ್ಗರಣೆಯ ಸದ್ದು ನಿಂತಿತು. ಬೆಲ್ ನನ್ನ ತೊಡೆಯ ಮೇಲಿತ್ತು. ಹೊತ್ತು ಮೀರಿತ್ತೋ ಏನೋ, ನಾನು ಗಡಿಯಾರ ನೋಡಲಿಲ್ಲ. 'ಡ್ಯಾಡಿ, ಪರೀಕ್ಷೆಗೂ ಮೇಣದಬತ್ತಿಗೂ ಸಂಬಂಧವಿಲ್ಲ' ಎಂದು ಲವಿನಾ ಈಗ ಹೇಳುತ್ತಾಳೆ ಎಂದುಕೊಂಡೆ. ಅವಳು ಹೇಳಲಿಲ್ಲ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ತುಂಬಾ ಹೊತ್ತಾದ ಮೇಲೆ, "ಮತ್ತೆ?" ಎಂದಳು.

"ಮತ್ತೆ ಏನಿಲ್ಲ," ಎಂದರು ಅಪ್ಪ. "ಎಡಗಾಲಿನ ಗಂಟು ನೋಯ್ತದೆ."

"ನನ್ನ ಹತ್ತಿರ ಒಂದು ದಿನ ಹೇಳಲಿಲ್ಲ!" ಎಂದು ಜೆಸ್ಸಿ ಸೌಟು ಹಿಡಿದೇ ಹೊರಗೆ ಬಂದರು. ಗಂಟಿಗೋ ಮೇಣದಬತ್ತಿಗೋ ಗೊತ್ತಿಲ್ಲ, ಚೆನ್ನಾಗಿ ಅತ್ತರು. ನಾನೂ ಅತ್ತೆ. ನನಗೆ ಆ ದಿನ ಕಾಯಿಲೆಯ ಪಾತ್ರವೇ ಇರಲಿಲ್ಲ.

ಲವಿನಾ ಪಾಸಾದಳು. ಈ ಸಲ ಇಗ್ನೇಶಿಯಸ್ ದೊಡ್ಡ ಬತ್ತಿ ಹಚ್ಚಿ, ಸಂತರಿಗೆ ಹಳೆಯ ಅರ್ಜಿ ರದ್ದು ಎಂದು ಸ್ಪಷ್ಟವಾಗಿ ತಿಳಿಸಿ ಬಂದಿದ್ದರಂತೆ. ಮರುವರ್ಷ ಮಾರ್ಚಿನಲ್ಲಿ ಸೀಟೂ ಬಂತು, ಉತ್ತರದ ಯಾವುದೋ ಸಣ್ಣ ಊರಿನಲ್ಲಿ, ಫ್ಯಾಮಿಲಿ ಡಾಕ್ಟರ್ ತರಬೇತಿಗೆ. ಆ ಊರಿನ ಚಳಿ ತಮ್ಮ ಫ್ರೀಜರಿನಲ್ಲೂ ಇಲ್ಲ ಎಂದು ಹಸನಬ್ಬ ತಲೆ ಆಡಿಸಿದರು.

ಈಗಲೂ ಶುಕ್ರವಾರ ಮಧ್ಯಾಹ್ನ ನಾವು ಸೇರುತ್ತೇವೆ. ಅಲ್ಲಿ ಬೆಳಗಾಗುವ ಹೊತ್ತಿಗೆ ಲವಿನಾ ಡ್ಯೂಟಿಗೆ ಹೊರಡುವ ಮೊದಲು ಫೋನ್ ಮಾಡುತ್ತಾಳೆ. ಸ್ಪೀಕರಿನಲ್ಲಿ ನನ್ನ ಅಸಿಡಿಟಿ, ಹಸನಬ್ಬರ ಶುಗರ್, ಜೆಸ್ಸಿಯ ಬೆನ್ನು ಸಾಲಾಗಿ ಹಾಜರಾಗುತ್ತವೆ. ಸ್ವಲ್ಪ ಉದ್ದವಾದರೆ ಟಿಣ್. ಆ ವಿಷಯದಲ್ಲಿ ಇಗ್ನೇಶಿಯಸ್ಸರಿಗೆ ದಯೆ ದಾಕ್ಷಿಣ್ಯವಿಲ್ಲ. ಕೊನೆಯ ಸರದಿ ಅವರದು.

ಮೊನ್ನೆಯೂ ಹಾಗೆಯೇ ಬೆಲ್ಲನ್ನು ದೂರ ಸರಿಸಿ ಕೂತರು.

"ಹೇಗಿದ್ದೀರಿ ಡ್ಯಾಡಿ?"

"ಏನಿಲ್ಲ. ಆರಾಮು."

ಆ ಕಡೆಯಿಂದ ಸದ್ದೇ ಇಲ್ಲ. ಜೆಸ್ಸಿಗೆ ಗಾಬರಿಯಾಯಿತು. "ಏನ್ರೀ, ಲೈನ್ ಕಟ್ಟಾಯ್ತಾ?"

ಇಗ್ನೇಶಿಯಸ್ ಕೈ ಎತ್ತಿ ಹೆಂಡತಿಯನ್ನು ಸುಮ್ಮನಾಗಿಸಿದರು.

"ಇಲ್ಲ," ಎಂದರು. "ಕೇಳ್ತಾ ಇದ್ದಾಳೆ."