ಮೂವರಿಗೆ ಬಿಟ್ಟ ಜಾಗ

ಗೋರನ್ ಹಾಡು ನಿಲ್ಲಿಸಿದ್ದೇ ತಡ, ನಾವೆಲ್ಲ ಒಟ್ಟಾಗಿ ಅವನ ಸಾಲನ್ನೇ ತಿರುಗಿ ಹಾಡಿಬಿಟ್ಟೆವು. ಅರ್ಥ ಯಾರಿಗೂ ಗೊತ್ತಿರಲಿಲ್ಲ. ಭಜನೆಯಲ್ಲಿ ಒಬ್ಬರು ನಿಲ್ಲಿಸಿದರೆ ಉಳಿದವರು ಎತ್ತಿಕೊಳ್ಳುವುದು ನಮ್ಮ ರೂಢಿ.

ಆಗ ತೊಂಬತ್ತರ ದಶಕದ ಕೊನೆ. ಇಂಗ್ಲಿಷರ ನಾಡಿಗೆ ವಲಸೆ ಬಂದು ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ನನ್ನ ಜೊತೆ ದುಡಿಯುತ್ತಿದ್ದ ಗೋರನ್, ರೇನರ್ಸ್ ಲೇನ್‌ನ ನಮ್ಮ ಮನೆಯ ಶುಕ್ರವಾರದ ಭಜನೆಗೆ ಗಿಟಾರ್ ತಂದಿದ್ದ. ಯುಗೊಸ್ಲಾವಿಯಾದಲ್ಲಿ ಅವನೂ ಮೂವರು ಗೆಳೆಯರೂ ಕಟ್ಟಿದ್ದ ರಾಕ್ ತಂಡ, ಕರೆಂಟಿನ ಹಂಗಿಲ್ಲದ ಗಿಟಾರುಗಳಲ್ಲೇ ಒಂದು ರೆಕಾರ್ಡ್ ಮಾಡಿ, ಯುದ್ಧ ಬಂದಾಗ ಚದುರಿಹೋಗಿತ್ತು.

ಅವನು ಅಂಗೈ ಎತ್ತಿ ನಮ್ಮನ್ನು ತಡೆದ. “ಅದು ನನ್ನ ಗೆಳೆಯರು ಹಾಡೋ ಜಾಗ. ಅಲ್ಲಿ ನಾನೂ ಹಾಡಲ್ಲ, ನೀವೂ ಹಾಡಬೇಡಿ,” ಎಂದ ಇಂಗ್ಲಿಷಿನಲ್ಲಿ.

ಧಾರವಾಡದ ಸುಮಿತ್ರಕ್ಕ ತಾಳ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಮೊದಲಿಂದ ಹಾಡಂತ ಹೇಳು ಅವಂಗ. ನಾವು ಬಾಯಿ ಮುಚ್ಚಿಕೊಂಡು ಕೂಡ್ತೀವಿ.”

ಗೋರನ್ ಮತ್ತೆ ಶುರುಮಾಡಿದ. ಆ ಜಾಗ ಬಂದಾಗ ಬರೀ ಗಿಟಾರ್ ನುಡಿಯಿತು.

ಸುಮಿತ್ರಕ್ಕ ಈಗಿಲ್ಲ, ಭಜನೆ ನಿಂತಿಲ್ಲ. ಅವರು ಎತ್ತುತ್ತಿದ್ದ ಸಾಲು ಬಂದಾಗ ತಾಳವನ್ನಷ್ಟೇ ಹಾಕುತ್ತೇವೆ. ಹೊಸಬರು ಯಾರಾದರೂ ಬಾಯಿ ತೆರೆದರೆ, ನಾನು ಅಂಗೈ ಎತ್ತುತ್ತೇನೆ.