ಪ್ರಭುಲಿಂಗ ಬದಲಿಸಿದ ಕೋಡ್

ವಿದ್ಯಾಗಿರಿಯಲ್ಲಿ ಮನೆ ಮಾಡಿಕೊಂಡು ಅಂಗಡಿಗಳಿಗೆ ಕ್ಯಾಮೆರಾ, ಅಲಾರಂ ಕೂರಿಸುವ ಪ್ರಭುಲಿಂಗನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ರಾಮಥಾಳದ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು. ಅಣ್ಣನ ಪಾಲಿನ ಕುರಿ ಅವಳಿ ಮರಿ ಹಾಕಿದರೆ ಅವತ್ತು ಇವನು ಉಣ್ಣುತ್ತಿರಲಿಲ್ಲ. "ನಿನ್ನ ಹೊಟ್ಟ್ಯಾಗಿನ ಬೆಂಕಿಗೆ ಒಂದ್ ಕೊಡ ನೀರ ಸಾಲಂಗಿಲ್ಲ ನೋಡೋ" ಎಂದು ತಾಯಿ ಬೋರವ್ವ ನಗುತ್ತಿದ್ದಳು. ಐಟಿಐ ಮುಗಿಸಿ, ಕೈಕೆಲಸ ಕುದುರಿ, ಸಂಸಾರ ನಿಂತ ಮೇಲೆ ಆ ಬೆಂಕಿ ಆರಿತೆಂದೇ ಅವನೂ ತಿಳಿದಿದ್ದ. ಅದು ಮತ್ತೆ ಹೊತ್ತಿಕೊಂಡದ್ದು ಹೆಂಡತಿ ಸುಧಾರಾಣಿಯ ಮೇಲೆ.

ಅವಳಿಗೆ ಕೆಲಸ ಕಲಿಸಿದವನು ತಾನೇ. ಮಗಳು ಕಾಲೇಜು ಸೇರಿದ ಮೇಲೆ ಮನೆಯಲ್ಲಿ ಒಬ್ಬಳೇ ಬೇಸರಪಡುತ್ತಿದ್ದವಳನ್ನು ಜೊತೆಗೆ ಕರೆದೊಯ್ಯತೊಡಗಿದ. ವೈರು ಹಿಡಿಯಲು ಬಂದವಳು ಒಂದು ವರ್ಷದೊಳಗೆ ಸೆಟ್ಟಿಂಗ್ ಮಾಡುವುದರಲ್ಲಿ ಅವನನ್ನೇ ಮೀರಿಸಿದಳು.

ಇಳಕಲ್ಲಿನ ಅಯೂಬನ ಸೀರೆ ಅಂಗಡಿಯಲ್ಲಿ ಇದು ಎಲ್ಲರೆದುರು ಬಯಲಾಯಿತು. ಮುಂದೆ ಅಂಗಡಿ, ಹಿಂದೆ ಮನೆ. ಅಲಾರಂ ಚಾಲೂ ಮಾಡಲು, ನಿಲ್ಲಿಸಲು ಅಂಕಿ ಒತ್ತುವ ಕೀಪ್ಯಾಡ್ ಅಂಗಡಿ ಬಾಗಿಲಲ್ಲಿತ್ತು; ಮನೆ ಬಾಗಿಲಿಗೂ ಇನ್ನೊಂದು ಬೇಕಾಗಿತ್ತು. ದಪ್ಪ ಕಲ್ಲಿನ ಗೋಡೆಗಳ ನಡುವೆ ವೈರಿಲ್ಲದ ಕೀಪ್ಯಾಡಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹಾಗಾಗಿ ನಾಲ್ಕು ಎಳೆಯ ಕೇಬಲ್ ಎಳೆಯಬೇಕಾಯಿತು: ಎರಡೆಳೆ ಕರೆಂಟಿಗೆ, ಎರಡೆಳೆ ಅಲಾರಂ ಪೆಟ್ಟಿಗೆಯೊಡನೆ ಮಾತಾಡಲಿಕ್ಕೆ. ಪ್ರಭುಲಿಂಗ ಮಧ್ಯಾಹ್ನದವರೆಗೂ ಕಲ್ಲು ಕೊರೆದ. ಮೈಯೆಲ್ಲ ಕೆಂಪು ಧೂಳು. ಸುಧಾರಾಣಿ ತಂಪಾಗಿ ಕುಳಿತು ಹೊಸ ಕೀಪ್ಯಾಡಿಗೆ ಬೇರೆ ನಂಬರ್ ಕೊಟ್ಟಳು. ಎರಡಕ್ಕೂ ಒಂದೇ ನಂಬರ್ ಇದ್ದರೆ ಯಾವುದು ಮಾತಾಡುತ್ತಿದೆ ಎಂದು ಪೆಟ್ಟಿಗೆಗೆ ತಿಳಿಯುವುದಿಲ್ಲ. ಆಮೇಲೆ ಅಯೂಬನ ಮುದಿ ತಾಯಿಯನ್ನು ಬಾಗಿಲಿನಿಂದ ನಡೆಸಿ ನೋಡಿದಳು. ಆಕೆ ನಿಧಾನವಾಗಿ ಬಂದು ಕೋಡ್ ಒತ್ತುವವರೆಗೂ ಸೈರನ್ ಕೂಗದಂತೆ ಹೊತ್ತು ಹೆಚ್ಚಿಸಿದಳು. ಮುದುಕಿ ತಾನೇ ಒತ್ತಿ ಹಸಿರು ದೀಪ ಹತ್ತಿಸಿದಾಗ ಮನೆಯವರೆಲ್ಲ ಚಪ್ಪಾಳೆ ಹೊಡೆದರು.

"ಅಕ್ಕಾರ, ಇನ್ನ ಏನಿದ್ರೂ ನಿಮಗs ಫೋನ್ ಹಚ್ತೇನ್ರಿ" ಎಂದಳು ಅಯೂಬನ ಹೆಂಡತಿ ಆಯೇಶಾ. "ಗಂಡಸರ ಮುಂದ ನಮ್ಮ ಅತ್ತಿ ಕೇಳಾಕ ನಾಚ್ಕೋತಾರ. ನೀವ ಭಾಳ ಚಂದ ತಿಳಿಸಿ ಹೇಳ್ತೀರಿ."

ಪ್ರಭುಲಿಂಗನಿಗೂ ಚಹಾ ಬಂತು. ಆದರೆ ಗೋಡೆಯಲ್ಲಿ ಅಡಗಿದ ಕೇಬಲ್ ಯಾರ ಕಣ್ಣಿಗೆ ಬೀಳುತ್ತದೆ? ಹೆಂಡತಿ ಒಳಗೆ ಮುದುಕಿಯೊಡನೆ ಮಾತಾಡುತ್ತಿದ್ದಾಗ ಅವನು ಅಂಗಡಿಯ ಕೀಪ್ಯಾಡಿನ ಮುಂದೆ ನಿಂತು, ಸೆಟ್ಟಿಂಗ್ ತೆರೆಯುವ ಕೋಡ್ ಬದಲಿಸಿಬಿಟ್ಟ. ಅದು ಕೂರಿಸಿದವರಿಗಷ್ಟೇ ಗೊತ್ತಿರುವ ಕೋಡ್; ರಿಪೇರಿ ಮಾಡಿದರೂ ಅದನ್ನು ಒತ್ತದೆ ಅಲಾರಂ ಮತ್ತೆ ಚಾಲೂ ಆಗುವುದಿಲ್ಲ. ಇಷ್ಟು ದಿನ ಇಬ್ಬರಿಗೂ ಗೊತ್ತಿತ್ತು, ಇನ್ನು ಅವನೊಬ್ಬನಿಗೆ. 'ಇನ್ ಹಚ್ಚಲಿ ಫೋನ' ಎಂದುಕೊಂಡ. ಎದೆ ಹಗುರಾಯಿತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಅಯೂಬ ಹೊಸ ಕಪಾಟು ಮಾಡಿಸಿದ. ಬಡಿಗ ಹೊಡೆದ ಮೊಳೆ ನೇರವಾಗಿ ಕೇಬಲಿಗೆ ತಗಲಿ, ಮನೆ ಬಾಗಿಲ ಕೀಪ್ಯಾಡ್ ಸತ್ತಿತು. ಅಲಾರಂ ಚಾಲೂ ಆಗದೆ ಟೀಂ ಟೀಂ ಎನ್ನತೊಡಗಿತು. ಸಂಜೆ ಮನೆಮಂದಿಯೆಲ್ಲ ಮದುವೆಗೆ ಹೊರಡುವವರಿದ್ದರು. ಆಯೇಶಾ ಫೋನ್ ಮಾಡಿದ್ದು ಸುಧಾರಾಣಿಗೇ. ಪ್ರಭುಲಿಂಗ ಬಾದಾಮಿಯ ಲಾಡ್ಜೊಂದರಲ್ಲಿ ಕ್ಯಾಮೆರಾ ಹಾಕುತ್ತಿದ್ದ. ಅವಳು ಬಸ್ ಹತ್ತಿ ಇಳಕಲ್ಲಿಗೆ ಹೋದಳು.

ನಿಚ್ಚಣಿಕೆ ಮೇಲಿದ್ದಾಗ ಅವನ ಫೋನ್ ಬಡಿದುಕೊಂಡಿತು. ಹೆಂಡತಿ. ಎತ್ತಲಿಲ್ಲ. ಮತ್ತೆ ಬಡಿದುಕೊಂಡಿತು. ಸೀರೆ ಅಂಗಡಿಯಲ್ಲಿ ಎಲ್ಲರೆದುರು ಅವಳು ತಬ್ಬಿಬ್ಬಾಗಿ ನಿಂತದ್ದನ್ನು ಕಣ್ಣಮುಂದೆ ತಂದುಕೊಂಡು ಸವಿದ. ಆಮೇಲೆ ಅಯೂಬನೇ ಫೋನ್ ಮಾಡಿದ.

"ಪ್ರಭು ಅಣ್ಣಾ, ಅಕ್ಕಾರು ವೈರ್ ಎಲ್ಲಾ ಜೋಡಿಸ್ಯಾರ. ಖರೆ ಒಳಗಿನ ಕೋಡ್ ಮರ್ತಾರಂತ. 'ತಪ್ಪ ನಂದs, ಅವರು ಹೇಳಿದ್ರು, ನಾ ಬರ್ಕೊಳ್ಳಿಲ್ಲ' ಅಂತ ಹೇಳಾಕತ್ತಾರ. ಬೈಬ್ಯಾಡ್ರಿ ಅವರಿಗೆ."

ಪ್ರಭುಲಿಂಗ ಹೇಳಿಯೇ ಇರಲಿಲ್ಲ. ಕೋಡನ್ನು ಫೋನಿನಲ್ಲೇ ಹೇಳಬಹುದಿತ್ತು. "ನಾನs ಬರ್ತೇನಿ" ಎಂದ. ಗುಳೇದಗುಡ್ಡ ದಾಟುವವರೆಗೂ, ತಾನು ಹೋಗಿ ಒತ್ತಿದೊಡನೆ ಸರಿಯಾಗುವುದನ್ನು ಅವರು ನೋಡಲಿ ಎಂಬ ಆಸೆ ಇತ್ತು. ಅಮೀನಗಡ ಬರುವಷ್ಟರಲ್ಲಿ ಆ ಆಸೆಯೂ ಉಳಿಯಲಿಲ್ಲ.

ಅಲ್ಲಿ ಸುಧಾರಾಣಿ ತಬ್ಬಿಬ್ಬಾಗೇನೂ ಇರಲಿಲ್ಲ. ಮುದುಕಿಯ ಪಕ್ಕದಲ್ಲಿ ಕುಳಿತು ಶಾವಿಗೆ ತಿನ್ನುತ್ತಿದ್ದಳು. ಅವಳು ಮಾಡಿದ ವೈರಿನ ಜೋಡಣೆ ಅಚ್ಚುಕಟ್ಟಾಗಿತ್ತು. ಅವನು ಅದರಲ್ಲಿ ತಪ್ಪು ಹುಡುಕಿದ, ಸಿಗಲಿಲ್ಲ. ಅವನು ಕೋಡ್ ಒತ್ತಲು ಕೈಯೆತ್ತಿದಾಗ ಅವಳು ಎದ್ದು ಪಕ್ಕಕ್ಕೆ ಸರಿದು, ಮುಖ ಆಚೆ ತಿರುಗಿಸಿ ನಿಂತಳು. ಗಿರಾಕಿಗಳು ತಮ್ಮ ಕೋಡ್ ಒತ್ತುವಾಗ ಹಾಗೆ ನಿಲ್ಲಬೇಕೆಂದು ಕಲಿಸಿದವನೂ ಅವನೇ. ಟೀಂ ಟೀಂ ನಿಂತಿತು.

ಬರುವಾಗ ಹುನಗುಂದದಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದ.

"ಬದ್ಲಿ ಮಾಡೀರಿ ಅಂತ ಒಂದ್ ಮಾತ ಹೇಳಿದ್ರ ನಾ ಬರ್ತಿದ್ದಿಲ್ಲ" ಎಂದಳು ಸುಧಾರಾಣಿ.

"ಎಲ್ಲಾರೂ ನಿನ್ನs ಕೇಳ್ತಾರ. ನಾ ಗ್ವಾಡಿ ಕೊರಿಯಾಂವ ಅಷ್ಟ."

"ಹೊಟ್ಟಿ ಉರೀತು?"

"ಹೂಂ" ಎಂದ ಅವನು.

"ನಂಗೂ ಉರೀತಿತ್ತು" ಎಂದಳು. "ನೀವು ಇವತ್ತ ಬಾದಾಮಿ, ನಾಳೆ ಇಳಕಲ್ಲ ಅಂತ ತಿರಗ್ಯಾಡಿ ಬಂದು, ಊಟಕ್ಕ ಕುಂತು ಅಲ್ಲಿ ಹಿಂಗಾತು, ಇಲ್ಲಿ ಹಂಗಾತು ಅಂತಿದ್ರಿ. ನಾ ರೊಟ್ಟಿ ಹಾಕ್ಕೋತ ಕೇಳ್ತಿದ್ನಿ. ಹೇಳಾಕ ನನ್ನ ಹತ್ರ ಏನಿತ್ತು? ನಿಮ್ಮ ಬೂಟಿನ ಮಣ್ಣ ಕಂಡ್ರೂ ಉರೀತಿತ್ತು. ಖರೆ, ನಿಮ್ಮ ಬೂಟ ನಾ ಮುಚ್ಚಿಡ್ಲಿಲ್ಲ."

ಅವಳೊಳಗೂ ಅಂಥದ್ದಿತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ. ಹೊಸ ಕೋಡ್ ಹೇಳಿದ. ಅವಳು ತಲೆಯಾಡಿಸಿ, ಮುಂದಿನ ಮಾತಿಗೆ ಹೋದಳು: ಇಳಕಲ್ಲು, ಹುನಗುಂದದ ಕೆಲಸ ತಾನು ನೋಡುತ್ತೇನೆ, ಬಾದಾಮಿ ಕಡೆಯದು ಅವನು ನೋಡಲಿ; ಗೋಡೆ ಕೊರೆಯುವುದಿದ್ದರೆ ಇಬ್ಬರೂ ಹೋಗುವುದು, ಕೊರೆಯುವುದನ್ನು ತನಗೂ ಕಲಿಸಬೇಕು.

ಕಲಿಸಿದ. ಮೊದಲ ಸಲ ಅವಳ ಕೈಯಲ್ಲಿ ಡ್ರಿಲ್ ಜಾರಿ ಗೋಡೆ ಕಿತ್ತುಬಂದಾಗ ಒಳಗೊಳಗೇ ಹಿಗ್ಗಿದ. ಆಮೇಲೆ ತಾನೇ ಸಿಮೆಂಟು ಕಲಸಿ ಮೆತ್ತಿದ. ಈಗಲೂ ಅವಳಿಗೆ ಫೋನ್ ಬಂದಾಗಲೆಲ್ಲ ಅವನ ಕಿವಿ ಅತ್ತಲೇ ಇರುತ್ತದೆ. ಮೊನ್ನೆ ಗುಳೇದಗುಡ್ಡದಿಂದ ಒಬ್ಬರು ಅವನಿಗೇ ಫೋನ್ ಮಾಡಿ, "ಅಕ್ಕಾರು ಬರ್ತಾರೇನ್ರಿ?" ಎಂದು ಕೇಳಿದರು. ಗುಳೇದಗುಡ್ಡ ಅವನ ಪಾಲಿನ ಊರು. ಪ್ರಭುಲಿಂಗ ಹಲ್ಲು ಕಚ್ಚಿಕೊಂಡು, "ತಡೀರಿ, ಕೊಡ್ತೇನಿ" ಎಂದು ಫೋನನ್ನು ಅವಳ ಕೈಗಿತ್ತ.