ನಾನು ಕೇಳಿದ ಕಂದು ಬಟ್ಟೆ

ಹೋದ ವರ್ಷ ಆಷಾಢ ಮುಗಿಯುತ್ತಾ ಬಂದಿತ್ತು. ಬಿ.ಎ. ಮುಗಿಸಿ ಮನೆಯಲ್ಲಿದ್ದ ನಾನು ನಾಲ್ಕು ತಿಂಗಳಿಂದ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿರುವ ಸೆಲ್ವಿ ಅಕ್ಕನ ಹೊಲಿಗೆ ಕೋಣೆಗೆ ಹೋಗುತ್ತಿದ್ದೆ. ಗಣಿ ಕಾರ್ಮಿಕರ ಹಳೆಯ ಮನೆಗಳ ಸಾಲಿನಲ್ಲಿ ಅವರದೂ ಒಂದು. ಮುಂದಿನ ಕೋಣೆಯಲ್ಲಿ ಎರಡು ಮಷಿನ್ನು, ಗೋಡೆಯುದ್ದಕ್ಕೂ ಬಟ್ಟೆಯ ಮೂಟೆಗಳು. ರಾಬರ್ಟ್‌ಸನ್‌ಪೇಟೆಯ ಟೈಲರ್‌ಗಳು ಎಸೆಯುವ ತುಂಡು, ಯಾರೋ ಉಟ್ಟು ಬಿಟ್ಟ ಸೀರೆ, ಕಾಲರ್ ಸವೆದ ಶರ್ಟು, ಇವುಗಳಿಂದಲೇ ನಮ್ಮ ಲಂಗ, ಜಾಕೆಟ್, ಕೈಚೀಲ ಎಲ್ಲ ಆಗುತ್ತಿದ್ದವು. ತುಂಡುಗಳನ್ನು ಜೋಡಿಸಿ ಗೋಡೆಗೆ ತೂಗುಹಾಕುವ ಚಿತ್ರ ಮಾಡುವುದು ನನ್ನ ಕೆಲಸ.

ಮೂರನೆಯವರು ನಾರಾಯಣಮ್ಮ. ಕ್ಯಾಸಂಬಳ್ಳಿ ಕಡೆ ನಮ್ಮ ಪಕ್ಕದ ಊರಿನವರು, ವಯಸ್ಸು ಅರವತ್ತರ ಮೇಲೆ. ನಾನು ಅವರನ್ನು ಅವ್ವಾ ಎನ್ನುತ್ತಿದ್ದೆ. ಹಳೆ ಸೀರೆಗಳನ್ನು ಪದರಪದರವಾಗಿ ಇಟ್ಟು ಕೈಯಲ್ಲೇ ಹೊದಿಕೆ ಹೊಲಿಯುತ್ತಿದ್ದರು. ನಮ್ಮ ಕಡೆ ಅದಕ್ಕೆ ಬೊಂತೆ ಅನ್ನುತ್ತೇವೆ. ಕಣ್ಣು ಮಂಜಾಗಿದ್ದರಿಂದ ಮೂಟೆಯೊಳಗೆ ಕೈ ಹಾಕಿ, ಮುಟ್ಟಿಯೇ ಇದು ಹತ್ತಿ, ಇದು ನೈಲಾನ್ ಎಂದು ಹೇಳಿಬಿಡುತ್ತಿದ್ದರು. ಅವರ ಮನೆಮಾತು ತೆಲುಗು, ಸೆಲ್ವಿ ಅಕ್ಕನದು ತಮಿಳು, ನನ್ನದು ಕನ್ನಡ. ಮೂರನ್ನೂ ಕಲಸಿ ಮಾತಾಡುತ್ತಿದ್ದೆವು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲ ಅನ್ನುವ ಪ್ರಸಂಗ ಅದುವರೆಗೆ ಬಂದಿರಲಿಲ್ಲ.

ಆ ದಿನ ಬೆಳಿಗ್ಗೆ ನಾನು ಕೆಜಿಎಫ್‌ನ ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದು ಉಳಿದ ಗಣಿ ಮಣ್ಣಿನ ಗುಡ್ಡದ, ಚಿತ್ರ ಜೋಡಿಸುತ್ತಿದ್ದೆ. ದಿಬ್ಬಕ್ಕೆ ತಕ್ಕ ಕಂದು ಬಣ್ಣದ ಬಟ್ಟೆ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಎದುರಿಗೆ ನಾರಾಯಣಮ್ಮ ಹೊಸದಾಗಿ ಬಂದ ಮೂಟೆಯ ಬಾಯಿ ಬಿಚ್ಚಿಕೊಂಡು ಕೂತಿದ್ದರು. ಮೂಟೆ ನನ್ನ ಕಡೆಗೆ ಒಂದು ಗೇಣು ಹರಿದಿತ್ತು. ಆ ಹರುಕಿನಲ್ಲಿ ಕಂದು ಬಣ್ಣದ ಮೇಲೆ ದುಂಡುದುಂಡು ಅಚ್ಚಿನ ಬಟ್ಟೆಯೊಂದು ಕಂಡಿತು. ಖುಷಿಯಾಯಿತು.

"ಅವ್ವಾ, ಅಡೀಲಿ ಒಂದು ಕಂದು ಬಟ್ಟೆ ಇದೆ, ನಂಗೆ ಎಳೆದುಕೊಡಿ" ಎಂದೆ.

"ನಂಗೆಲ್ಲಿ ಕಾಣ್ತದೆ? ಕೈಗೆ ಸಿಕ್ರೆ ಕೊಡ್ತೀನಿ" ಎಂದು ಮೊಣಕೈವರೆಗೆ ಕೈ ಹಾಕಿದರು.

"ಬಲಕ್ಕೆ, ಅವ್ವಾ. ಇನ್ನೂ ಸ್ವಲ್ಪ ಒಳಕ್ಕೆ."

ಹಾಗೆ ಹೇಳಿದವಳು ನಾನೇ. ಅಷ್ಟರಲ್ಲಿ ಆ ಕಂದು ಬಟ್ಟೆ ತನ್ನಷ್ಟಕ್ಕೆ ತಾನೇ ಮುಂದಕ್ಕೆ ಸರಿಯಿತು. ದುಂಡು ಅಚ್ಚುಗಳು ಒಂದರ ಹಿಂದೆ ಒಂದು ಹರಿದು ಹೋದವು.

"ಆವು! ಅವ್ವಾ, ಆವು, ಆವು!" ಎಂದು ಚೀರಿದೆ.

ನಮ್ಮೂರಲ್ಲಿ ಹಾಲು ಆಲು, ಹಾವು ಆವು. ಕಾಲೇಜಿನಲ್ಲಿ ಗೆಳತಿಯರು ಆಡಿಕೊಂಡು ನಗುತ್ತಿದ್ದರಿಂದ ಕನ್ನಡಿಯ ಮುಂದೆ ನಿಂತು ನಾಲಿಗೆ ತಿದ್ದಿಕೊಂಡವಳು ನಾನು. ಮೂರು ವರ್ಷದ ಆ ಕಲಿಕೆಯೆಲ್ಲ ಒಂದು ಕ್ಷಣದಲ್ಲಿ ಹಾರಿಹೋಗಿತ್ತು. ತೆಲುಗಿನಲ್ಲಿ ಆವು ಅಂದರೆ ಹಸು. ಹಿಂದಿನ ವಾರವಷ್ಟೇ ಪಕ್ಕದ ಬೀದಿಯ ಹಸುವೊಂದು ಒಣಗಲು ಹಾಕಿದ್ದ ನಾರಾಯಣಮ್ಮನ ಕೆಂಪು ಸೀರೆಯನ್ನು ಅರ್ಧ ಜಗಿದು ಹೋಗಿತ್ತು.

"ಮಳ್ಳಾ ವಚ್ಚಿಂದಾ? ತೋಲಮ್ಮಾ ದಾನ್ನಿ!" ಎಂದು ರೇಗಿದರು. ಮತ್ತೆ ಬಂತಾ, ಓಡಿಸು ಅದನ್ನ ಎಂದು. ಮುಖ ಬಾಗಿಲ ಕಡೆಗೆ, ಕೈ ಮಾತ್ರ ಮೂಟೆಯೊಳಗೇ.

ನಾನು ಬೆರಳು ತೋರಿಸುತ್ತಾ ಮತ್ತೆ ಅದನ್ನೇ ಕೂಗಿದೆ. "ಆವು!"

"ಬಾಯಿ ಬಡ್ಕಳೋ ಬದ್ಲು ಒಂದು ಕೋಲು ತಗಳೇ! ನಿನ್ ಬಟ್ಟೆ ಉಡುಕ್ತಾ ಇಲ್ವಾ ನಾನು?" ಎಂದು ಕೈಯನ್ನು ಇನ್ನೂ ಒಳಕ್ಕೆ ತೂರಿಸಿದರು.

ಮಷಿನ್ ತುಳಿಯುತ್ತಿದ್ದ ಸೆಲ್ವಿ ಅಕ್ಕ ನನ್ನ ಮುಖ ನೋಡಿ ಕಾಲು ನಿಲ್ಲಿಸಿದರು. ಮಷಿನ್ನಿನ ಸದ್ದು ನಿಂತಾಗಲೇ ನಮಗೆ ಅದು ಕೇಳಿಸಿದ್ದು. ಕುಕ್ಕರ್ ಸೀಟಿ ಹಾಕುವ ಮುಂಚೆ ಬುಸುಗುಡುತ್ತದಲ್ಲ, ಹಾಗೆ.

"ಪಾಂಬುಮ್ಮಾ! ಕೈಯೆಡು! ಕೈಯೆಡು!" ಕೈ ತೆಗಿ ಎಂದು ಸೆಲ್ವಿ ಅಕ್ಕ ಕೂಗಿದರು.

ತಮಿಳಿನ ಪಾಂಬು, ತೆಲುಗಿನ ಪಾಮು, ಎರಡೂ ಹಾವೇ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾರಾಯಣಮ್ಮ ಕೈ ಕಿತ್ತುಕೊಂಡು ಹಿಂದಕ್ಕೆ ಬಿದ್ದರು. ಹಾವು ಹರುಕಿನಿಂದ ತಲೆ ಹೊರಗೆ ಹಾಕಿತು. ಸೆಲ್ವಿ ಅಕ್ಕ ಪಕ್ಕದಲ್ಲಿದ್ದ ಅರೆಹೊಲಿಗೆಯ ಬೊಂತೆಯನ್ನು ಹಾಗೇ ಎತ್ತಿ ಅದರ ಮೇಲೆ ಎಸೆದರು. ಬೊಂತೆಯ ಒಳಗಿನಿಂದ ಪಟಾರೆಂದು ಒಂದು ಏಟು ಬಿತ್ತು. ಮೂವರೂ ಬರಿಗಾಲಲ್ಲಿ ಬೀದಿಗೆ ಓಡಿದೆವು.

ನಾನು ಅವ್ವನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಗೀರೂ ಇರಲಿಲ್ಲ. ನನಗೆ ಅಳು ಬಂತು. ಅವರು ಮಾತ್ರ ಸೆರಗು ಸರಿಮಾಡಿಕೊಂಡು ಬೀದಿಯ ಆ ತುದಿ ಈ ತುದಿ ನೋಡಿದರು.

"ಅದೆಲ್ಲ ಇರ್ಲಿ, ಆವು ಎಲ್ಲೇ?"

"ಹಸು ಅಲ್ಲ ಅವ್ವಾ, ನಾನು ಹೇಳಿದ್ದು ಹಾವು."

"ಈಗ ಏಳು ಹಾ ಅಂತ! ಓದಿದೋಳಲ್ವೇನೇ ನೀನು? ಪಾಮು ಅನ್ನಕ್ಕೇನಾಗಿತ್ತು? ಆವು ಅಂದ್ರೆ ನಾನೇನ್ ಮಾಡ್ಲಿ, ಚೊಂಬು ತಗಂಡ್ ಬಂದು ಆಲು ಕರೀಲಾ?"

ಸೆಲ್ವಿ ಅಕ್ಕ ನಗು ತಡೆಯಲಾರದೆ ಬೀದಿಯಲ್ಲೇ ಕೂತುಬಿಟ್ಟರು. ನಾನೂ ಅಳುತ್ತಲೇ ನಕ್ಕೆ. ಅಷ್ಟು ಹೊತ್ತಿಗೆ ಅಕ್ಕಪಕ್ಕದವರೆಲ್ಲ ಸೇರಿದ್ದರು. ಒಂದೊಂದು ಮನೆಯವರಿಗೂ ನಾರಾಯಣಮ್ಮ ಅವರವರ ಭಾಷೆಯಲ್ಲೇ ಹಸುವಿನ ಕಥೆ ಹೇಳಿದರು.

ಅರ್ಧ ಗಂಟೆಯ ಮೇಲೆ ಹಾವು ಹಿಡಿಯುವವರು ಬಂದು ಅದನ್ನು ಚೀಲಕ್ಕೆ ಹಾಕಿಕೊಂಡರು. ಕೊಳಕುಮಂಡಲ. "ಯಾರಿಗೂ ಕಚ್ಚಿಲ್ಲ ತಾನೇ?" ಎಂದು ಎರಡೆರಡು ಸಲ ಕೇಳಿದರು. ಬೊಂತೆ ಬಿಡಿಸಿ ತೋರಿಸಿದರು. ಹಾವಿನ ಕಡೆಗಿದ್ದ ಸೀರೆಯಲ್ಲಿ ಎರಡು ಸಣ್ಣ ತೂತು, ಸುತ್ತ ಹಳದಿ ಒದ್ದೆ. ಏಳು ಪದರಗಳಲ್ಲಿ ನಾಲ್ಕನೆಯದಕ್ಕೆ ವಿಷ ನಿಂತಿತ್ತು. ಯಾರೂ ನಗಲಿಲ್ಲ.

ಸಂಜೆ ಬಸ್ಸಿನಲ್ಲಿ ನಾರಾಯಣಮ್ಮ ಮುಂದಿನ ಸೀಟಿನವರಿಗೂ ಕಥೆ ಹೇಳಿ ನಗಿಸಿದರು. ಊರು ಹತ್ತಿರವಾಯಿತು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡು ಮೆಲ್ಲಗೆ, "ಬೆರಳಿಗೆ ತಾಕಿತ್ತು ಕಣೇ ಮಂಜೂ. ಒರಟಾಗಿತ್ತು. ಜರಿ ಅಂಚು ಅನ್ಕಂಡೆ" ಎಂದರು. ಅವರ ಸ್ಟಾಪಿನಲ್ಲಿ ಕಂಡಕ್ಟರ್ ಎರಡು ಸಲ ಕೂಗಿದ ಮೇಲೆಯೇ ನನ್ನ ಕೈ ಬಿಟ್ಟರು.

ಮಾರನೆಯ ದಿನ ನನಗಿಂತ ಮೊದಲೇ ಬಂದು ಕೂತಿದ್ದರು. ಈಗ ಎಲ್ಲ ಮೂಟೆಗಳನ್ನೂ ಅಂಗಳದಲ್ಲಿ ಕೋಲಿನಿಂದ ಕೆದಕಿ, ಕೊಡವಿ, ಆಮೇಲೆ ಒಳಗೆ ತರುತ್ತೇವೆ. ಭಯಪಡಲು ಏನೂ ಇಲ್ಲ ಎಂದು ನನಗೂ ಗೊತ್ತು. ಆದರೂ ಅವ್ವ ತಲೆ ಎತ್ತಿ ಮಾತಾಡುತ್ತಾ ಮೂಟೆಗೆ ಕೈ ಹಾಕಿದಾಗೆಲ್ಲ ನನ್ನ ಕತ್ತರಿ ನಿಲ್ಲುತ್ತದೆ. ಕೈ ಹೊರಗೆ ಬರುತ್ತದೆ, ಅದರಲ್ಲಿ ಯಾರದೋ ಹಳೆ ಶರ್ಟಿನ ತೋಳು. ಆಗ ಉಸಿರು ಬಿಡುತ್ತೇನೆ.